ಅಪ್ಪಾಜಿಗೆ ರೋಮ್‌ನಿಂದ: ದೊಡ್ಡಮ್ಮ ಕೇಳಿದ ಹತ್ತು ದಿನಗಳ ಲೆಕ್ಕ

ರೋಮ್,
ಅಕ್ಟೋಬರ್ 5

ಪೂಜ್ಯ ಅಪ್ಪಾಜಿಯವರಿಗೆ,

ನಿಮ್ಮ ಮಗಳು ಮಾಡುವ ಪ್ರಣಾಮಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ; ಅಮ್ಮ, ದೊಡ್ಡಮ್ಮ ಮತ್ತು ಮನೆಯವರೆಲ್ಲರೂ ಬೆಂಗಳೂರಿನಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ವಾರ ದೊಡ್ಡಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ. ತಮ್ಮ ಹೆಸರಿನ ಸಂತರಾದ ಆವಿಲಾದ ತೆರೇಸಮ್ಮನವರು 1582ರ ಅಕ್ಟೋಬರ್ 4ರ ರಾತ್ರಿ ತೀರಿಕೊಂಡರು, ಮರುದಿನವೇ ಮಣ್ಣು ಮಾಡಿದರು ಎಂದು ಬರೆದವರು, ಆ ಮರುದಿನ ಅಕ್ಟೋಬರ್ 15 ಎಂದು ಹೇಗೆ ಬರೆದರು, ಇದು ಅಚ್ಚಿನ ತಪ್ಪಲ್ಲವೇ ಎಂದು ಅವರು ಕೇಳಿದ್ದರು. ಅಚ್ಚಿನ ತಪ್ಪಲ್ಲ ಎಂದು ದಯವಿಟ್ಟು ಅವರಿಗೆ ತಿಳಿಸಿ. ಆ ವರ್ಷ ಸ್ಪೇನ್ ದೇಶದಲ್ಲಿ ಅಕ್ಟೋಬರ್ 4ರ ಗುರುವಾರ ಮಲಗಿದವರು ಎದ್ದದ್ದು ಅಕ್ಟೋಬರ್ 15ರ ಶುಕ್ರವಾರ. ನಡುವಿನ ಹತ್ತು ದಿನಗಳನ್ನು ಪೋಪ್ ಹದಿಮೂರನೆಯ ಗ್ರೆಗೊರಿಯವರು ಆಜ್ಞಾಪತ್ರ ಹೊರಡಿಸಿ ತೆಗೆದುಹಾಕಿದ್ದರು. ಅದೇ ಕಾರಣಕ್ಕೆ ದೊಡ್ಡಮ್ಮನ ಹೆಸರಿನ ಹಬ್ಬವನ್ನು ನಾವು 15ರಂದು ಆಚರಿಸುತ್ತೇವೆ.

ನಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಒಬ್ಬ ಪೋಪರ ಹೆಸರನ್ನು ಹೊತ್ತಿದೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಜೂಲಿಯಸ್ ಸೀಸರನ ಕಾಲದಿಂದ ಬಂದ ಹಳೆಯ ಲೆಕ್ಕದಲ್ಲಿ ವರ್ಷಕ್ಕೆ 365 ದಿನ ಮತ್ತು ಕಾಲು ದಿನ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಹನ್ನೊಂದು ನಿಮಿಷ ಯಾವ ಲೆಕ್ಕ ಎನ್ನಿಸಬಹುದು, ಆದರೆ ಅದು ಸುಮಾರು 128 ವರ್ಷಗಳಿಗೆ ಒಂದು ಪೂರ್ತಿ ದಿನವಾಗುತ್ತದೆ. ಹಗಲಿರುಳು ಸಮನಾಗುವ ವಸಂತದ ದಿನ, ಕ್ರಿ.ಶ. 325ರಲ್ಲಿ ನಿಸಿಯಾದಲ್ಲಿ ಸೇರಿದ್ದ ಧರ್ಮಾಧ್ಯಕ್ಷರ ಮಹಾಸಭೆಯ ಕಾಲದಲ್ಲಿ ಮಾರ್ಚ್ 21ರ ಸುಮಾರಿಗೆ ಬೀಳುತ್ತಿದ್ದುದು, 1582ರ ಹೊತ್ತಿಗೆ ಮಾರ್ಚ್ 11ಕ್ಕೆ ಹಿಂದೆ ಸರಿದಿತ್ತು. ಧರ್ಮಸಭೆಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ, ಏಕೆಂದರೆ ಪಾಸ್ಕ (ಈಸ್ಟರ್) ಹಬ್ಬ ಬರುವುದು ಆ ದಿನದ ನಂತರದ ಮೊದಲ ಹುಣ್ಣಿಮೆ ಕಳೆದ ಭಾನುವಾರ. ವಿಭೂತಿ ಬುಧವಾರ, ತಪಸ್ಸುಕಾಲ, ಶುಭ ಶುಕ್ರವಾರ ಎಲ್ಲವೂ ಅದನ್ನೇ ಹಿಡಿದು ನಿಲ್ಲುತ್ತವೆ.

ಅಪ್ಪಾಜಿ, ಇಲ್ಲಿಯೇ ನನಗೆ ನಮ್ಮ ಬೀದಿಯ ಯುಗಾದಿ ನೆನಪಾಯಿತು. ಯುಗಾದಿಯೂ ಪಾಸ್ಕವೂ ಪ್ರತಿವರ್ಷ ತಾರೀಖು ಬದಲಿಸುತ್ತಾ ಒಂದನ್ನೊಂದು ಹಿಂಬಾಲಿಸಿ ಬರುವುದೇಕೆಂದು ನಾನು ಎಂದೂ ಯೋಚಿಸಿರಲಿಲ್ಲ. ಎರಡೂ ಸೂರ್ಯನನ್ನೂ ಚಂದ್ರನನ್ನೂ ಹೊಂದಿಸುವ ಲೆಕ್ಕಗಳೇ. ನಮ್ಮ ಪಂಚಾಂಗಗಳಲ್ಲಿ 19 ವರ್ಷಗಳಿಗೆ ಏಳು ಅಧಿಕ ಮಾಸಗಳು ಬರುತ್ತವೆ. ಪಾಸ್ಕದ ಹುಣ್ಣಿಮೆಯನ್ನು ಲೆಕ್ಕ ಹಾಕುತ್ತಿದ್ದ ಯೂರೋಪಿನ ಸನ್ಯಾಸಿಗಳ ಕೋಷ್ಟಕಗಳೂ ಅದೇ 19 ವರ್ಷಗಳ ಚಕ್ರದ ಮೇಲೆ ನಿಂತಿದ್ದವು.

ಈ ತಿದ್ದುಪಡಿಯನ್ನು ಮೊದಲು ರೂಪಿಸಿದವರು ಗುರುಗಳಲ್ಲ, ಕಲಾಬ್ರಿಯಾ ಪ್ರಾಂತದ ವೈದ್ಯ ಲುಯಿಜಿ ಲಿಲಿಯೊ. ಅವರು 1576ರಲ್ಲಿ ತೀರಿಕೊಂಡ ಮೇಲೆ ಅವರ ಸಹೋದರ ಅಂತೋನಿಯೊ ಆ ಹಸ್ತಪ್ರತಿಯನ್ನು ರೋಮ್‌ಗೆ ತಂದೊಪ್ಪಿಸಿದರು. ಯೇಸುಸಭೆಯ (ಜೆಸ್ವಿಟ್ ಸಂಘದ) ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಗುರುಗಳು ಅದನ್ನು ಪರಿಶೀಲಿಸಿ, ಮುಂದೆ ಜೀವನವಿಡೀ ಅದರ ಪರವಾಗಿ ವಾದಿಸಿದರು. ನಿಯಮ ಎಷ್ಟು ಸರಳವೆಂದರೆ, ಶತಮಾನದ ಕೊನೆಯ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಆದ್ದರಿಂದಲೇ 1900ರ ಫೆಬ್ರವರಿಗೆ 28 ದಿನ, 2000ದ ಫೆಬ್ರವರಿಗೆ 29. ಪೋಪರ ಮಾತನ್ನು ಕೇಳಲಾರೆವೆಂದು ಇಂಗ್ಲೆಂಡ್ 1752ರವರೆಗೂ ಹಳೆಯ ಲೆಕ್ಕದಲ್ಲೇ ಉಳಿಯಿತು, ರಷ್ಯಾ 1918ರವರೆಗೆ. ಕಡೆಗೆ ನಮ್ಮ ನಾಡಿನಲ್ಲಿ ಈ ಲೆಕ್ಕ ಬಹುಮಟ್ಟಿಗೆ ನೆಲೆಯೂರಿದ್ದು ಅದೇ ಇಂಗ್ಲೆಂಡಿನವರ ಆಳ್ವಿಕೆಯಲ್ಲಿ.

ನಿನ್ನೆ ಅಕ್ಟೋಬರ್ 4 ಆದ್ದರಿಂದ, ಇದನ್ನೆಲ್ಲ ಓದಿದ ಮನಸ್ಸಿನಲ್ಲೇ ಇಲ್ಲಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿ ದೇವಾಲಯಕ್ಕೆ ಹೋಗಿದ್ದೆ. ಅದು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನನ ಸ್ನಾನಗೃಹಗಳ ಅವಶೇಷದಲ್ಲಿ ಮೈಕೆಲಾಂಜೆಲೊ ರೂಪಿಸಿದ ದೇವಾಲಯ. ಕ್ರೈಸ್ತರನ್ನು ಹಿಂಸಿಸಿದ ದೊರೆಯ ಗೋಡೆಗಳ ನಡುವೆ ಈಗ ಬಲಿಪೂಜೆ ನಡೆಯುತ್ತದೆ. ಅದರ ನೆಲದಲ್ಲಿ ಸುಮಾರು 45 ಮೀಟರ್ ಉದ್ದದ ಹಿತ್ತಾಳೆಯ ಗೆರೆಯೊಂದಿದೆ. ಗ್ರೆಗೊರಿಯವರ ಲೆಕ್ಕ ಸರಿಯಿದೆಯೇ ಎಂದು ಸೂರ್ಯನನ್ನೇ ಕೇಳಿ ನೋಡಲು ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಅವರು ಫ್ರಾಂಚೆಸ್ಕೊ ಬಿಯಾಂಕೀನಿ ಎಂಬ ವಿದ್ವಾಂಸರಿಂದ ಮಾಡಿಸಿದ್ದು, 1702ರಲ್ಲಿ ಮುಗಿಯಿತು. ದಕ್ಷಿಣದ ಗೋಡೆಯಲ್ಲಿ ಸುಮಾರು 20 ಮೀಟರ್ ಎತ್ತರದಲ್ಲಿ ಒಂದು ಸಣ್ಣ ರಂಧ್ರ. ಗಡಿಯಾರದಲ್ಲಿ ಒಂದು ಗಂಟೆಯಾಗುವ ಹೊತ್ತಿಗೆ ಅದರೊಳಗಿಂದ ಇಳಿದ ಬಿಸಿಲು, ಊಟದ ತಟ್ಟೆಯಷ್ಟಗಲದ ಬಿಲ್ಲೆಯಾಗಿ, ಅಮೃತಶಿಲೆಯ ಮೇಲೆ ಗೆರೆಯತ್ತ ತೆವಳತೊಡಗಿತು. ಕಣ್ಣಿಗೆ ಕಾಣುವಷ್ಟು ವೇಗ. ಅಂಚು ಹಿತ್ತಾಳೆಯನ್ನು ಮುಟ್ಟಿತು, ನಡುಭಾಗ ದಾಟಿತು, ಎರಡು ಮೂರು ನಿಮಿಷಗಳಲ್ಲಿ ಆಚೆಗೆ ಸರಿದುಹೋಯಿತು. ನನ್ನ ಪಾದದ ಬಳಿಯಲ್ಲಿ ಭೂಮಿ ತಿರುಗುತ್ತಿರುವುದನ್ನು ನಾನು ಅಪ್ಪಾಜಿ, ದೇವರ ಮನೆಯೊಳಗೇ ನಿಂತು ನೋಡಿದೆ.

ಆ ಗೆರೆಯ ಇಕ್ಕೆಲಗಳಲ್ಲಿ ಬಣ್ಣದ ಕಲ್ಲುಗಳಿಂದ ರಾಶಿಗಳನ್ನು ಕೆತ್ತಿ ಕೂರಿಸಿದ್ದಾರೆ. ಒಂದು ತುದಿಗೆ ಕರ್ಕಾಟಕ, ಇನ್ನೊಂದು ತುದಿಗೆ ಮಕರ! ದೇವಾಲಯದ ನೆಲದಲ್ಲಿ ಅವನ್ನು ನೋಡಿ, ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವೆ ಬಿಸಿಲು ಹಾಯುವುದನ್ನು ನೀವು ಚಿಕ್ಕಂದಿನಲ್ಲಿ ನನಗೆ ವಿವರಿಸಿದ್ದು ಕಣ್ಣಮುಂದೆ ಬಂತು.

ಇದೇ ಧರ್ಮಸಭೆ 1633ರಲ್ಲಿ ಗೆಲಿಲಿಯೊ ಅವರನ್ನು ದೋಷಿಯೆಂದು ತೀರ್ಪಿತ್ತದ್ದನ್ನು ನಾನು ಮರೆತಿಲ್ಲ. ಆ ತಪ್ಪನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರು ಬಹಿರಂಗವಾಗಿ ಒಪ್ಪಿಕೊಳ್ಳುವಷ್ಟರಲ್ಲಿ 1992 ಬಂದಿತ್ತು. ಇಷ್ಟು ತಡವಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ ಕಾಲೇಜಿನಲ್ಲಿ ಗೆಳತಿಯರು ನಿಮ್ಮ ಸಭೆಗೆ ವಿಜ್ಞಾನ ಕಂಡರಾಗದು ಎಂದಾಗ ತಲೆ ತಗ್ಗಿಸಿ ಕೂತಿದ್ದ ನನಗೆ ಈ ಗೆರೆಯ ವಿಷಯ ಅಂದೇ ತಿಳಿದಿರಬೇಕಿತ್ತು.

ಇದೇ 15ರಂದು ದೊಡ್ಡಮ್ಮನ ಹಬ್ಬಕ್ಕೆ ಈ ಪತ್ರವನ್ನು ಅವರಿಗೆ ಓದಿ ಹೇಳಿ. ಡಿಸೆಂಬರ್ 21ರ ಸುಮಾರಿಗೆ ಬಿಸಿಲಿನ ಬಿಲ್ಲೆ ಮಕರದ ತುದಿಯನ್ನು ಮುಟ್ಟುತ್ತದೆ; ಅಂದು ಮೋಡವಿಲ್ಲದಿದ್ದರೆ ಮತ್ತೆ ಹೋಗಿ, ಫೋಟೊ ತೆಗೆದು ಕಳುಹಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ,
ಮಗಳು