ಇನ್ಶೂರೆನ್ಸ್ ಮುಗಿಯುವ ತಾರೀಖನ್ನು ಮೊದಲು ಕೇಳಿಕೋ

ಚಿ. ಪುಟ್ಟಣ್ಣನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕೆಲಸ ಹೋದ ವಿಷಯ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ರೆಸ್ಯೂಮೆ ತಿದ್ದಿಕೊಡುವುದಕ್ಕೆ, ರೆಫರಲ್ ಕೊಡುವುದಕ್ಕೆ ಡಲ್ಲಾಸಿನಲ್ಲಿ ನಿನ್ನ ಸ್ನೇಹಿತರು ಬೇಕಾದಷ್ಟಿದ್ದಾರೆ, ಆ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ಆದರೆ ಇಲ್ಲಿ ನ್ಯೂಜೆರ್ಸಿಯ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಕೆಲಸ ಹೋದವರ ಮನೆಯಲ್ಲಿ ಎಲ್ಲಕ್ಕಿಂತ ಕೊನೆಗೆ ನೆನಪಾಗುವುದು ಹೆಲ್ತ್ ಇನ್ಶೂರೆನ್ಸ್. ಗಡುವು ಮುಗಿದ ಮೇಲೆ ಒಂದು ದಿನವೂ ಕಾಯದಿರುವುದು ಕೂಡ ಅದೇ. ಸೊಸೆ ಆರು ತಿಂಗಳ ಬಸುರಿ. ಅದಕ್ಕೇ ಈ ಉದ್ದನೆಯ ಪತ್ರ. ಪೂರ್ತಿ ಓದು, ಅವಳಿಗೂ ಓದಿಸು.

ನೀನು ಮೊದಲು ಮಾಡಬೇಕಾದದ್ದು ಒಂದೇ. ಎಚ್‌ಆರ್‌ಗೆ ಒಂದು ಸಾಲು ಬರೆದು, "ನನ್ನ ಹೆಲ್ತ್ ಇನ್ಶೂರೆನ್ಸ್ ಕೊನೆಯಾಗುವ ತಾರೀಖು ಯಾವುದು?" ಎಂದು ಕೇಳು. ಉತ್ತರ ಬರಹದಲ್ಲೇ ಇರಲಿ. ಕೆಲವು ಕಂಪನಿಗಳಲ್ಲಿ ಕೆಲಸದ ಕೊನೆಯ ದಿನವೇ ಇನ್ಶೂರೆನ್ಸೂ ಮುಗಿಯುತ್ತದೆ, ಇನ್ನು ಕೆಲವು ಕಡೆ ಆ ತಿಂಗಳ ಕೊನೆಯವರೆಗೆ ಇರುತ್ತದೆ. ನಿನ್ನ ಕೊನೆಯ ದಿನ ಜೂನ್ 18 ಅಂದಳು ನಿನ್ನಮ್ಮ. ಇನ್ಶೂರೆನ್ಸ್ ಜೂನ್ 30ರವರೆಗೆ ಇದೆಯೋ, 18ಕ್ಕೇ ಮುಗಿಯಿತೋ ಎನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ. ಆ ಕಾಗದ ಇನ್ನೊಂದಕ್ಕೂ ಬೇಕು. ಹೆಲ್ತ್ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ವೆಬ್‌ಸೈಟ್ ಇದೆಯಲ್ಲ, ಮಾರ್ಕೆಟ್‌ಪ್ಲೇಸ್, ಅದರಲ್ಲಿ ಪ್ಲಾನ್ ಆರಿಸಿದ ಮೇಲೆ, ಇನ್ಶೂರೆನ್ಸ್ ಕಳೆದುಕೊಂಡಿದ್ದಕ್ಕೆ ಪುರಾವೆ ಕೇಳಿದರೆ 30 ದಿನಗಳಲ್ಲಿ ಅದನ್ನೇ ಅಪ್‌ಲೋಡ್ ಮಾಡಬೇಕು.

ನಿನ್ನ ತಲೆಯಲ್ಲಿ "60 ದಿನ" ಅಂತ ಒಂದು ಲೆಕ್ಕ ಈಗಾಗಲೇ ಕೂತಿರುತ್ತದೆ. ಅದು ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ, ಕೆಲಸ ಹೋದ ಮೇಲೂ ಇಲ್ಲಿರಲು ಕೊಡುವ ಗ್ರೇಸ್ ಅವಧಿ. ಕೆಲಸದ ಕೊನೆಯ ದಿನದಿಂದ ಎಣಿಸಿದರೆ ಆಗಸ್ಟ್ 17ಕ್ಕೆ ಮುಗಿಯುತ್ತದೆ. ಇನ್ಶೂರೆನ್ಸಿನ 60 ದಿನ, ಅಂದರೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೊಸ ಪ್ಲಾನ್ ಆರಿಸಿಕೊಳ್ಳಲು ಇರುವ ಗಡುವು, ಬೇರೆ. ಅದನ್ನು ಎಣಿಸುವುದು ಇನ್ಶೂರೆನ್ಸ್ ಕೊನೆಯಾದ ದಿನದಿಂದ, ಜೂನ್ 30 ಆದರೆ ಆಗಸ್ಟ್ 29ರವರೆಗೆ. ಕ್ಯಾಲೆಂಡರಿನಲ್ಲಿ ಎರಡನ್ನೂ ಬೇರೆ ಬೇರೆ ಗುರುತು ಹಾಕು. ಒಂದನ್ನು ಇನ್ನೊಂದು ಅಂದುಕೊಂಡು ಕೈಸುಟ್ಟುಕೊಂಡವರನ್ನು ನೋಡಿದ್ದೇನೆ.

ಮಾರ್ಕೆಟ್‌ಪ್ಲೇಸ್ ಎಂದರೆ ಟೆಕ್ಸಾಸಿನವರಿಗೆ ಹೆಲ್ತ್‌ಕೇರ್ ಡಾಟ್ ಗವ್. ಎಚ್-1ಬಿ ಇದ್ದವರೂ, ಅವರ ಮನೆಯವರಿಗೆ ಕೊಡುವ ಎಚ್-4 ವೀಸಾ ಇದ್ದವರೂ ಅಲ್ಲಿ ಪ್ಲಾನ್ ಕೊಳ್ಳಬಹುದು. ಸಾಮಾನ್ಯವಾಗಿ ಅದರ ಬಾಗಿಲು ತೆರೆಯುವುದು ನವೆಂಬರ್ 1ಕ್ಕೆ, ಓಪನ್ ಎನ್‌ರೋಲ್‌ಮೆಂಟ್ ಸಮಯದಲ್ಲಿ ಮಾತ್ರ. ನಡುವೆ ತೆರೆಯಬೇಕಾದರೆ ಜೀವನದಲ್ಲಿ ಏನಾದರೂ ಬದಲಾಗಿರಬೇಕು: ಇದ್ದ ಇನ್ಶೂರೆನ್ಸ್ ಹೋಗಿರಬೇಕು, ಮದುವೆಯಾಗಿರಬೇಕು, ಮಗು ಹುಟ್ಟಿರಬೇಕು ಅಥವಾ ದತ್ತು ಬಂದಿರಬೇಕು, ಬೇರೆ ಊರಿಗೆ ಹೋಗಿರಬೇಕು. ಇದನ್ನೇ ಸ್ಪೆಷಲ್ ಎನ್‌ರೋಲ್‌ಮೆಂಟ್ ಅನ್ನುತ್ತಾರೆ. ಗಮನಿಸು, ಬಸುರಿಯಾಗಿರುವುದು ಆ ಪಟ್ಟಿಯಲ್ಲಿಲ್ಲ. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳು ಅದನ್ನೂ ಒಪ್ಪುತ್ತವೆ, ಟೆಕ್ಸಾಸಿನಲ್ಲಿ ಒಪ್ಪುವುದಿಲ್ಲ. ಹಾಗಾಗಿ ಈಗಿನ ಈ 60 ದಿನಗಳನ್ನು ನೀನು ಸುಮ್ಮನೆ ಕಳೆದರೆ ಮುಂದಿನ ಬಾಗಿಲು ತೆರೆಯುವುದು ಹೆರಿಗೆಯಾದ ದಿನವೇ. ಅಲ್ಲಿಯವರೆಗೆ ಮೂರು ತಿಂಗಳ ಸ್ಕ್ಯಾನು, ರಕ್ತ ಪರೀಕ್ಷೆ, ದೇವರು ದೊಡ್ಡವನು, ಏನಾದರೂ ಹೆಚ್ಚುಕಡಿಮೆಯಾಗಿ ಆಸ್ಪತ್ರೆಗೆ ಓಡಬೇಕಾದರೆ ಅದು, ಎಲ್ಲ ನಿನ್ನ ಜೇಬಿನಿಂದ.

60 ದಿನ ಇದೆಯಲ್ಲ ಅಂತ ಕೂರಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇನ್ಶೂರೆನ್ಸ್ ಹೋಯಿತು ಅನ್ನುವ ಕಾರಣಕ್ಕೆ ಕೊಂಡ ಮಾರ್ಕೆಟ್‌ಪ್ಲೇಸ್ ಪ್ಲಾನ್ ಹಿಂದಿನ ತಾರೀಖಿನಿಂದ ಶುರುವಾಗುವುದಿಲ್ಲ. ಜೂನ್ 30ರ ಒಳಗೆ ಆರಿಸಿದರೆ ಜುಲೈ 1ರಿಂದ ಶುರು. ಜುಲೈ 3ಕ್ಕೆ ಆರಿಸಿದೆಯೋ, ಆಗಸ್ಟ್ 1ರಿಂದ. ಇಡೀ ಜುಲೈ ಖಾಲಿ. ಇನ್ಶೂರೆನ್ಸ್ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಲು ಬಿಡುತ್ತಾರೆ, ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆರಿಸಿದರೆ ಸಾಲದು, ಮೊದಲ ಪ್ರೀಮಿಯಂ ಇನ್ಶೂರೆನ್ಸ್ ಕಂಪನಿಗೆ ಕಟ್ಟಿದ ಮೇಲೇ ಪ್ಲಾನ್ ಜೀವಂತ.

ಇನ್ನು ಕೋಬ್ರಾ ವಿಷಯ. ನಿನ್ನ ಸ್ಥಿತಿಯಲ್ಲಿ ಇದೇ ಮುಖ್ಯ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 20 ಅಥವಾ ಹೆಚ್ಚು ನೌಕರರಿರುವ ಕಂಪನಿ, ಕೆಲಸ ಹೋದವನಿಗೆ ಅದೇ ಪ್ಲಾನನ್ನು 18 ತಿಂಗಳವರೆಗೆ ಮುಂದುವರಿಸಲು ಬಿಡಬೇಕು ಅಂತ ಕಾನೂನಿದೆ, ಅದೇ ಕೋಬ್ರಾ. ಆದರೆ ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲೂ ನಿನ್ನದೇ. ಪೂರ್ತಿ ಪ್ರೀಮಿಯಂ, ಅದರ ಮೇಲೆ ನೂರಕ್ಕೆ 2 ನಿರ್ವಹಣಾ ಖರ್ಚು. ಎಷ್ಟಾಗಬಹುದು ಅಂತ ಅಂದಾಜು ಬೇಕಾದರೆ ಹೋದ ವರ್ಷದ ಡಬ್ಲ್ಯೂ-2, ಅಂದರೆ ಕಂಪನಿ ಟ್ಯಾಕ್ಸಿಗೆ ಅಂತ ಕೊಡುವ ಸಂಬಳದ ಕಾಗದ, ತೆಗೆದು 12ನೇ ಬಾಕ್ಸ್ ನೋಡು. ಡಿಡಿ ಎಂಬ ಅಕ್ಷರದ ಪಕ್ಕದ ಮೊತ್ತವೇ ಕಂಪನಿ ಮತ್ತು ನೀನು ಸೇರಿ ಕಟ್ಟಿದ್ದು. ವರ್ಷವಿಡೀ ಈ ಪ್ಲಾನ್ ಇದ್ದರೆ ಅದನ್ನು 12ರಿಂದ ಭಾಗಿಸು. ಬಂದ ಸಂಖ್ಯೆ ನೋಡಿ ಎದೆ ಧಸಕ್ಕನ್ನುತ್ತದೆ, ನಿಜ. ಆದರೂ ಅಲ್ಲಿಗೇ ಕೋಬ್ರಾ ಬೇಡ ಅಂತ ತೀರ್ಮಾನಿಸಬೇಡ.

ಯಾಕೆ ಹೇಳುತ್ತೇನೆ ಕೇಳು. ಇನ್ಶೂರೆನ್ಸಿನವರು ಕೊಡಲು ಶುರುಮಾಡುವ ಮುಂಚೆ ವರ್ಷಕ್ಕೆ ಇಂತಿಷ್ಟು ಅಂತ ನಾವೇ ಕಟ್ಟಬೇಕಾದದ್ದು ಡಿಡಕ್ಟಿಬಲ್. ಜನವರಿಯಿಂದ ಈವರೆಗೆ ಅದಕ್ಕೆ ಅಂತ ನೀವಿಬ್ಬರೂ ಕಟ್ಟಿದ ದುಡ್ಡು ಹಳೆಯ ಪ್ಲಾನಿನ ಲೆಕ್ಕದಲ್ಲಿದೆ. ಜುಲೈನಲ್ಲಿ ಹೊಸ ಪ್ಲಾನಿಗೆ ಹೋದರೆ ಆ ಲೆಕ್ಕ ಸೊನ್ನೆಯಿಂದ ಶುರು, ಜನವರಿಯಲ್ಲಿ ಮತ್ತೆ ಸೊನ್ನೆ. ಹೆರಿಗೆಯ ಬಿಲ್ಲು ಬರುವುದು ಸೆಪ್ಟೆಂಬರ್ ಕೊನೆಗೆ. ಪ್ರೀಮಿಯಂ ಕಡಿಮೆಯಾದರೂ ಡಿಡಕ್ಟಿಬಲ್ ಇನ್ನೊಮ್ಮೆ ಕಟ್ಟಬೇಕಾದರೆ ಲಾಭವೆಲ್ಲಿ? ಜೊತೆಗೆ ಡಾಕ್ಟರ್. ಟೆಕ್ಸಾಸಿನ ಮಾರ್ಕೆಟ್‌ಪ್ಲೇಸ್ ಪ್ಲಾನುಗಳು ಬಹುತೇಕ ಎಚ್‌ಎಂಒ, ಇಪಿಒ ತರಹದವು, ಅಂದರೆ ನೆಟ್‌ವರ್ಕ್ ಎಂಬ ತಮ್ಮ ಪಟ್ಟಿಯ ಡಾಕ್ಟರು, ಆಸ್ಪತ್ರೆಗಳಿಗಷ್ಟೇ ಸೀಮಿತ. ನೆಟ್‌ವರ್ಕಿನ ಹೊರಗಿನ ಡಾಕ್ಟರ ಹತ್ತಿರ ಹೋದರೆ, ತುರ್ತು ಸಂದರ್ಭ ಬಿಟ್ಟು, ಅವು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಏಳನೇ ತಿಂಗಳಲ್ಲಿ ಹೊಸ ಡಾಕ್ಟರನ್ನು ಹುಡುಕುವ ಪರದಾಟ ಆ ಹುಡುಗಿಗೆ ಬೇಡ. ಮಾರ್ಕೆಟ್‌ಪ್ಲೇಸ್ ಪ್ಲಾನ್ ನೋಡುವುದೇ ಆದರೆ ಡಾಕ್ಟರ ಆಫೀಸಿಗೂ ಹೆರಿಗೆ ಆಸ್ಪತ್ರೆಗೂ ಫೋನ್ ಮಾಡಿ, ಕಂಪನಿಯ ಹೆಸರಲ್ಲ, ಪ್ಲಾನಿನ ಪೂರ್ತಿ ಹೆಸರು ಓದಿ ಹೇಳಿ ವಿಚಾರಿಸು. ಒಂದೇ ಕಂಪನಿಯ ಒಂದು ಪ್ಲಾನ್ ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. ಬಿಲ್ಲಿಂಗಿನಲ್ಲಿ ನಮ್ಮೆದುರು ಕೂತು ಕಣ್ಣೀರು ಹಾಕಿದವರಲ್ಲಿ ಎಷ್ಟೋ ಜನ ಇಷ್ಟನ್ನು ಕೇಳದೇ ಬಂದವರು.

ನನ್ನ ಅಭಿಪ್ರಾಯ ಕೇಳಿದರೆ, ಡಿಡಕ್ಟಿಬಲ್ ಹೆಚ್ಚುಕಡಿಮೆ ತುಂಬಿದ್ದರೆ ಹೆರಿಗೆಯವರೆಗೆ ಕೋಬ್ರಾದಲ್ಲೇ ಇರು. ಮಗು ಹುಟ್ಟಿದ ದಿನದಿಂದ ಮತ್ತೆ 60 ದಿನ ಮಾರ್ಕೆಟ್‌ಪ್ಲೇಸ್ ತೆರೆದಿರುತ್ತದೆ, ಆಗ ಆರಿಸಿದ ಪ್ಲಾನು ಮಗು ಹುಟ್ಟಿದ ದಿನದಿಂದಲೇ ಲಾಗೂ ಆಗಬಲ್ಲದು. ನಿನಗೆ ಅಷ್ಟರಲ್ಲಿ ಕೆಲಸ ಸಿಕ್ಕಿರದಿದ್ದರೆ ಬದಲಾಯಿಸಲು ಅದೇ ಸರಿಯಾದ ಸಮಯ. ಅದು ಬಿಟ್ಟು, ದುಬಾರಿಯಾಯಿತು ಅಂತ ನಡುವೆ ಯಾವಾಗಲೋ ಕೋಬ್ರಾ ನಿಲ್ಲಿಸಬೇಡ. ಮೊದಲ 60 ದಿನ ಕಳೆದ ಮೇಲೆ ತಾನಾಗಿ ಬಿಟ್ಟದ್ದು, ಕಂತು ಕಟ್ಟದೇ ಹೋಗಿದ್ದು, ಯಾವುದೂ ಬಾಗಿಲು ತೆರೆಸುವುದಿಲ್ಲ. ಕಂಪನಿ ಸೆವರೆನ್ಸ್, ಅಂದರೆ ಕೆಲಸದಿಂದ ಬಿಡಿಸುವಾಗ ಕೊಡುವ ಪರಿಹಾರದ ಜೊತೆ ಕೆಲವು ತಿಂಗಳ ಕೋಬ್ರಾ ತಾನೇ ಕಟ್ಟುತ್ತದೆಯೇ ಅಂತ ಸಂಕೋಚಪಡದೆ ಕೇಳು. ಅವರು ಕಟ್ಟುವುದು ನಿಲ್ಲಿಸಿದರೆ ಅದು ಮತ್ತೆ ಬಾಗಿಲು ತೆರೆಸುವ ಒಂದು ಕಾರಣವಾಗುತ್ತದೆ. ನಿನಗೆ ಎಚ್‌ಎಸ್‌ಎ, ಅಂದರೆ ಚಿಕಿತ್ಸೆಯ ಖರ್ಚಿಗೆ ಅಂತ ದುಡ್ಡು ಕೂಡಿಡುವ ಖಾತೆ ಇದ್ದರೆ ಅದರ ದುಡ್ಡಿನಿಂದ ಕೋಬ್ರಾ ಪ್ರೀಮಿಯಂ ಕಟ್ಟಬಹುದು, ಆ ಖಾತೆ ಕಂಪನಿಯದಲ್ಲ, ನಿನ್ನದು.

ಕೋಬ್ರಾ ಕಾಗದ ಅಂಚೆಯಲ್ಲಿ ಬರುತ್ತದೆ, ಹಲವು ಸಲ ನೀನು ಹೆಸರೇ ಕೇಳಿರದ ಕಂಪನಿಯಿಂದ. ಲಕೋಟೆ ನೋಡಿದರೆ ಜಾಹೀರಾತಿನ ಹಾಗೆ ಕಾಣುತ್ತದೆ, ಒಡೆಯದೆ ಕಸಕ್ಕೆ ಹಾಕೀಯೆ. ಅದನ್ನು ಒಪ್ಪಿಕೊಳ್ಳಲು 60 ದಿನ, ಒಪ್ಪಿದ ಮೇಲೆ ಮೊದಲ ಕಂತು ಕಟ್ಟಲು 45 ದಿನ. ಕಟ್ಟಿದರೆ ಇನ್ಶೂರೆನ್ಸ್ ಹೋದ ದಿನದಿಂದಲೇ ಹಿಂದಕ್ಕೆ ಸೇರಿಸಿಕೊಳ್ಳುತ್ತಾರೆ. ಆ ನಡುವೆ ಡಾಕ್ಟರ ಆಫೀಸಿನವರು ಕಂಪ್ಯೂಟರಿನಲ್ಲಿ ನೋಡಿ "ಇನ್ಶೂರೆನ್ಸ್ ಇಲ್ಲ" ಅಂದರೆ ಗಾಬರಿಯಾಗಬೇಡ, ಕೋಬ್ರಾ ಪ್ರಕ್ರಿಯೆಯಲ್ಲಿದೆ ಅಂತ ಹೇಳಿ ಕಾಗದ ತೋರಿಸು.

ಹೊಸ ಕೆಲಸ ಬೇಗ ಸಿಗಲಿ ಅಂತ ದಿನಾ ರಾಯರಿಗೆ ಕೈಮುಗಿಯುತ್ತಿದ್ದೇನೆ. ಸಿಕ್ಕ ಕೂಡಲೇ ಇನ್ಶೂರೆನ್ಸ್ ಯಾವ ದಿನದಿಂದ ಅಂತ ಕೇಳು, ಕೆಲವರು 90 ದಿನದವರೆಗೆ ಕಾಯಿಸುತ್ತಾರೆ. ಅಲ್ಲಿಯವರೆಗೆ ಹಳೆಯದನ್ನು ಕೈಬಿಡಬೇಡ. ಇನ್ನೊಂದು ಮಾತು, ಕಂಪನಿಯ ಪ್ಲಾನಿಗೆ ಮಗುವನ್ನು ಸೇರಿಸಲು ಗಡುವು ಸಾಮಾನ್ಯವಾಗಿ 60 ಅಲ್ಲ, 30 ದಿನ. ಕೋಬ್ರಾದಲ್ಲಿ ಇದ್ದರೂ ಅಷ್ಟೇ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋಗಿ ಇನ್ನೊಬ್ಬರ ಪ್ಲಾನಿಗೆ ಸೇರುವುದಕ್ಕೂ 30 ದಿನವೇ. ನನಗೆ ಗೊತ್ತಿದ್ದ ದಂಪತಿಯೊಬ್ಬರು 60 ಅಂದುಕೊಂಡು ಎರಡನೇ ತಿಂಗಳಲ್ಲಿ ಹೋದರು, ಎಚ್‌ಆರ್‌ನವರು ಆಗುವುದಿಲ್ಲ ಎಂದುಬಿಟ್ಟರು. ಮಗುವಿನ ಸೋಶಿಯಲ್ ಸೆಕ್ಯೂರಿಟಿ ನಂಬರ್ ಬರಲಿ ಅಂತ ಕಾಯುತ್ತಾ 30 ದಿನ ಕಳೆಯಬೇಡ. ಆಸ್ಪತ್ರೆಯಲ್ಲಿ ಕೊಡುವ ಜನನದ ಕಾಗದ ಇಟ್ಟುಕೊಂಡು ಅರ್ಜಿ ಹಾಕು, ನಂಬರನ್ನು ಆಮೇಲೆ ಸೇರಿಸಬಹುದು.

ಇಂಟರ್ನೆಟ್‌ನಲ್ಲಿ ಅಗ್ಗದ ಪ್ಲಾನ್ ಹುಡುಕುತ್ತಾ ಎಲ್ಲೋ ಫೋನ್ ನಂಬರ್ ಕೊಟ್ಟರೆ ಏಜೆಂಟರ ಕರೆ ನಿಲ್ಲುವುದಿಲ್ಲ. ಶಾರ್ಟ್ ಟರ್ಮ್ ಪ್ಲಾನ್ ಅಂತ ಮಾರುತ್ತಾರೆ, ಸಾಮಾನ್ಯವಾಗಿ ಅದರಲ್ಲಿ ಹೆರಿಗೆಯೂ ಇಲ್ಲ, ಮೊದಲೇ ಇದ್ದ ಕಾಯಿಲೆಯೂ ಇಲ್ಲ. ಸೊಸೆಯ ವಿಷಯದಲ್ಲಿ ಅದರ ಹತ್ತಿರವೂ ಸುಳಿಯಬೇಡ. ಮಾರ್ಕೆಟ್‌ಪ್ಲೇಸ್ ಪ್ರೀಮಿಯಂಗೆ ಸರ್ಕಾರದ ಸಬ್ಸಿಡಿ ನಿಮಗೆ ಸಿಗುವಂತಿದ್ದರೆ, ಅದಕ್ಕೆ ಅರ್ಜಿ ಹಾಕುವಾಗ ಈ ತಿಂಗಳ ಸೊನ್ನೆ ಸಂಬಳ ಬರೆಯದೆ, ಜನವರಿಯಿಂದ ಬಂದದ್ದೂ ಮುಂದೆ ಬರಬಹುದಾದದ್ದೂ ಸೇರಿಸಿ ಇಡೀ ವರ್ಷದ ಆದಾಯ ಬರೆ. ಇಲ್ಲದಿದ್ದರೆ ಹೆಚ್ಚಾಗಿ ಪಡೆದದ್ದನ್ನು ಟ್ಯಾಕ್ಸ್ ಫೈಲ್ ಮಾಡುವಾಗ ವಾಪಸ್ ಕಟ್ಟಬೇಕು.

ಕೊನೆಯದಾಗಿ ನಿನ್ನಮ್ಮನ ವಿಷಯ. ಬಾಣಂತನಕ್ಕೆ ಆಗಸ್ಟಿನಲ್ಲೇ ಹೊರಡುತ್ತಾಳಂತೆ. ಅವಳಿಗೆ ವಿಸಿಟರ್ ಇನ್ಶೂರೆನ್ಸ್ ಬೆಂಗಳೂರಿನಲ್ಲಿ ವಿಮಾನ ಹತ್ತುವ ಮುಂಚೆಯೇ ಮಾಡಿಸು. ಒಂದೊಂದು ಚಿಕಿತ್ಸೆಗೆ ಇಂತಿಷ್ಟೇ ಅಂತ ಕೊಡುವ ಫಿಕ್ಸೆಡ್ ಬೆನಿಫಿಟ್ ಬೇಡ, ಬಿಲ್ಲಿನ ಹೆಚ್ಚು ಪಾಲು ಕೊಡುವ ಕಾಂಪ್ರಹೆನ್ಸಿವ್ ನೋಡು. ಅವಳ ಸಕ್ಕರೆ ಕಾಯಿಲೆಯ ಮಾಮೂಲು ತಪಾಸಣೆಗೆ ಅಂಥ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಪೂರ್ತಿ ವಾಸ್ತವ್ಯಕ್ಕೆ ಸಾಕಾಗುವಷ್ಟು ಮಾತ್ರೆ, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲೇ ತರಲಿ. ಎಚ್‌ಆರ್ ಉತ್ತರ ಬಂದ ಕೂಡಲೇ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇಂತಿ,
ನಿನ್ನ ದೊಡ್ಡಮ್ಮ