ಮಗಳಿಗೊಂದು ಪತ್ರ: ಚಿಪ್ಪು ಸಿಕ್ಕಿತೆಂದು ಬೇಸರಪಡಬೇಡ

ಕುಮಟಾ

ಚಿ. ಸುಮಾಳಿಗೆ ಆಯಿ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಆದಿಮಾನವರ ಹಲ್ಲುಗಳಲ್ಲಿ ಉಳಿದಿರುವ ಪ್ರೋಟೀನನ್ನು ಓದಬೇಕೆಂಬ ಆಸೆಯಿಂದ ಇಂಗ್ಲೆಂಡಿನವರೆಗೆ ಹೋದ ನಿನಗೆ ಮಾರ್ಗದರ್ಶಕರು ಬಸವನಹುಳುವಿನ ಪಳೆಯುಳಿಕೆಗಳ ಡಬ್ಬಿಯನ್ನು ಕೊಟ್ಟು ಕೂರಿಸಿದ್ದಾರೆ, ಹಲ್ಲು ಬೇರೆಯವರ ಪಾಲಾಯಿತು ಎಂದು ಬರೆದಿದ್ದೀಯೆ. ಅಕ್ಷರಗಳಲ್ಲೇ ನಿನ್ನ ಬೇಸರ ಕಾಣುತ್ತಿತ್ತು. ಆ ದಿನವೇ ಉತ್ತರ ಬರೆದಿದ್ದರೆ ಬರೀ ಸಮಾಧಾನದ ಮಾತಾಗುತ್ತಿತ್ತೇನೋ. ನಾಲ್ಕು ದಿನ ಓದಿ, ಯೋಚಿಸಿ ಬರೆಯುತ್ತಿದ್ದೇನೆ. ನಿನಗೆ ಸಿಕ್ಕಿರುವುದು ಕಡಿಮೆಯ ಕೆಲಸವಲ್ಲ, ಮಗಳೇ. ಹಲ್ಲು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಈ ವಿಜ್ಞಾನ ಕಲಿತದ್ದೇ ಚಿಪ್ಪುಗಳಿಂದ.

ಮೊದಲು ನನ್ನದೇ ಒಂದು ಸಂಗತಿಯನ್ನು ಹೇಳಬೇಕು. ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರತಿವರ್ಷವೂ ಅಘನಾಶಿನಿಯ ಬಳಚಿನ ಚಿಪ್ಪೊಂದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, ನೊರೆಯುಕ್ಕಿ ಬರುವುದನ್ನು ಮಕ್ಕಳಿಗೆ ತೋರಿಸಿ, ಕರಿಹಲಗೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಮೀಕರಣವನ್ನು ಬರೆಯುತ್ತಿದ್ದೆ. ಚಿಪ್ಪೆಲ್ಲ ಕರಗಿದ ಮೇಲೆ ಬೀಕರಿನ ತಳದಲ್ಲಿ ತೆಳ್ಳಗಿನ, ಕಂದುಬಣ್ಣದ, ಮುಟ್ಟಿದರೆ ಜಾರುವ ಪೊರೆಯಂಥದ್ದು ಉಳಿಯುತ್ತಿತ್ತು. ಇದೇನೆಂದು ಒಬ್ಬ ಹುಡುಗಿ ಕೇಳಿದ್ದಳು. ಕೊಳೆ ಎಂದು ಹೇಳಿ ತೊಳೆದು ಚೆಲ್ಲಿದೆ. ಅದು ಕೊಳೆಯಾಗಿರಲಿಲ್ಲ. ಹುಳು ತನ್ನ ಮನೆಯನ್ನು ಕಟ್ಟಲು ಸುಣ್ಣದ ಜೊತೆಗೆ ಬಳಸಿದ ಸಾವಯವ ಪದಾರ್ಥ ಅದು; ಸ್ವಲ್ಪ ಭಾಗ ಚಿಪ್ಪಿನ ಹೊರಪೊರೆ, ಸ್ವಲ್ಪ ಭಾಗ ಹರಳುಗಳ ನಡುವಿನ ಪ್ರೋಟೀನು. ಆ ಹುಡುಗಿಗೆ ಕೊಟ್ಟ ಉತ್ತರವನ್ನು ಈಗ ತಿದ್ದಲು ಸಾಧ್ಯವಿಲ್ಲ. ನಿನಗಾದರೂ ಸರಿಯಾಗಿ ಹೇಳಬೇಕೆಂದು ಬರೆಯುತ್ತಿದ್ದೇನೆ.

ಅಮೆರಿಕದ ವಿಜ್ಞಾನಿ ಫಿಲಿಪ್ ಏಬಲ್ಸನ್ ಅವರು ಪಳೆಯುಳಿಕೆಗಳಲ್ಲಿ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳು ಉಳಿದಿರುವುದನ್ನು 1954ರಲ್ಲಿ ತೋರಿಸಿಕೊಟ್ಟರು. ಕಲ್ಲಾಗಿ ಹೋಯಿತೆಂದು ಎಲ್ಲರೂ ತಿಳಿದಿದ್ದ ವಸ್ತುವಿನೊಳಗೆ ಜೀವದ್ರವ್ಯದ ಚೂರುಗಳಿದ್ದವು. 1968ರಲ್ಲಿ ಅವರೂ ಎಡ್ಗರ್ ಹೇರ್ ಅವರೂ ಪಳೆಯುಳಿಕೆ ಚಿಪ್ಪುಗಳಲ್ಲಿ ಇನ್ನೊಂದು ವಿಷಯವನ್ನು ಮುಂದಿಟ್ಟರು. ಗ್ಲೈಸಿನ್ ಒಂದನ್ನು ಬಿಟ್ಟರೆ ಪ್ರೋಟೀನುಗಳ ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು; ಜೀವಿಗಳು ತಮ್ಮ ಪ್ರೋಟೀನನ್ನು ಕಟ್ಟುವುದು ಎಡರೂಪದಿಂದ. ಜೀವ ಹೋದ ಮೇಲೆ ಅವು ನಿಧಾನವಾಗಿ ಬಲರೂಪಕ್ಕೆ ತಿರುಗುತ್ತ, ಕೊನೆಗೆ ಎರಡೂ ಸಮತೋಲಕ್ಕೆ ಬರುತ್ತವೆ. ಎಷ್ಟು ತಿರುಗಿದೆ ಎಂದು ಅಳೆದರೆ ಎಷ್ಟು ಕಾಲ ಕಳೆದಿದೆ ಎಂಬುದರ ಅಂದಾಜು ಸಿಗುತ್ತದೆ. ಆದರೆ ಈ ಗಡಿಯಾರ ಕಾಲವೊಂದಕ್ಕೇ ಓಡುವುದಿಲ್ಲ, ಬಿಸಿಗೂ ಓಡುತ್ತದೆ. ಸೆಕೆಯ ನಾಡಿನಲ್ಲಿ ಬೇಗ, ತಂಪಿನ ನಾಡಿನಲ್ಲಿ ತಡವಾಗಿ. ನಮ್ಮ ಕಡೆ ಚಿಪ್ಪನ್ನು ಭಟ್ಟಿಗೆ ಹಾಕಿ ಸುಟ್ಟು ಸುಣ್ಣ ಮಾಡುವುದನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯೆ. ಭಟ್ಟಿ ಒಂದೇ ದಿನದಲ್ಲಿ ಮುಗಿಸುವ ನಾಶವನ್ನು ನೆಲದ ಕಾವು ಲಕ್ಷಾಂತರ ವರ್ಷಗಳಲ್ಲಿ ಮಾಡುತ್ತದೆ.

ಎರಡನೆಯ ತೊಡಕು ಸೋರಿಕೆಯದು. ಚಿಪ್ಪಿನ ಸಂದಿಗಳಿಂದ ಹಳೆಯದು ಹೊರಗೆ ಹೋಗುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳ ಹೊಸದು ಒಳಗೆ ಸೇರುತ್ತದೆ. ನೀನು ಈಗ ದಿನವೂ ಮಾಡುತ್ತಿರುವ, ನಿನಗೆ ಬೇಜಾರು ತಂದಿರುವ ಬ್ಲೀಚ್ ಕೆಲಸ ಇರುವುದು ಇದಕ್ಕಾಗಿಯೇ. ಪುಡಿ ಮಾಡಿದ ಚಿಪ್ಪನ್ನು ಎರಡು ದಿನ ಬ್ಲೀಚಿನಲ್ಲಿ ನೆನೆಸಿದಾಗ ಬ್ಲೀಚು ಮುಟ್ಟಬಲ್ಲದ್ದೆಲ್ಲ ನಾಶವಾಗಿ, ಹರಳಿನ ಒಳಗೇ ಸಿಕ್ಕಿಕೊಂಡಿರುವ ಪ್ರೋಟೀನು ಮಾತ್ರ ಉಳಿಯುತ್ತದೆ. ನಿನ್ನ ಡಬ್ಬಿಯಲ್ಲಿರುವುದು ಬಿಥಿನಿಯಾ ಎಂಬ ಸಿಹಿನೀರಿನ ಬಸವನಹುಳುವಿನ ಬಾಯಿಮುಚ್ಚಳಗಳೆಂದು ಬರೆದಿದ್ದೀಯೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಎರಡು ಹರಳುರೂಪಗಳಲ್ಲಿ ಆ ಹುಳುವಿನ ಚಿಪ್ಪು ಅರಗೊನೈಟಿನದು, ಮುಚ್ಚಳ ಮಾತ್ರ ಹೆಚ್ಚು ಸ್ಥಿರವಾದ ಕ್ಯಾಲ್ಸೈಟಿನದು. ಕರ್ಸ್ಟಿ ಪೆಂಕ್‌ಮನ್ ಮತ್ತು ಅವರ ಸಂಗಡಿಗರು 2011ರಲ್ಲಿ ಬ್ರಿಟನ್ನಿನ ಹಿಮಯುಗಗಳ ಕಾಲದ ನೆಲೆಗಳನ್ನು ಒಂದು ಕಾಲಾನುಕ್ರಮಕ್ಕೆ ತಂದದ್ದು ಇಂಥ ಮುಚ್ಚಳಗಳಿಂದಲೇ. ಅಲ್ಲಿನ ಪ್ರಾಚೀನ ಮನುಷ್ಯರ ಕಲ್ಲಿನ ಆಯುಧಗಳ ಕಾಲವನ್ನು ಹೊಂದಿಸಲು ಈ ಮುಚ್ಚಳಗಳು ನೆರವಾದವೆಂದ ಮೇಲೆ, ನೀನು ಮನುಷ್ಯರ ಕಥೆಯಿಂದ ದೂರವಾದೆ ಎಂದು ಹೇಗೆ ಹೇಳಲಿ?

ಈ ನಾಲ್ಕು ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಟಾಂಜಾನಿಯಾದ ಲೇಟೋಲಿಯ ಕೆಲಸ. ಕನ್ನಡದಲ್ಲಿ ಬಳಚಿನದೂ ಚಿಪ್ಪೇ, ಮೊಟ್ಟೆಯದೂ ಚಿಪ್ಪೇ. ಇದು ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು, 38 ಲಕ್ಷ ವರ್ಷ ಹಳೆಯದು. ಬಿಯಾಟ್ರಿಸ್ ಡೆಮಾರ್ಕಿ ಮತ್ತು ಸಂಗಡಿಗರು 2016ರಲ್ಲಿ ಅದರೊಳಗಿನ ಪ್ರೋಟೀನಿನ ತುಣುಕನ್ನು ಓದಿದರು. ಸುಡುವ ಆಫ್ರಿಕದಲ್ಲಿ ಅಷ್ಟು ಕಾಲ ಉಳಿದ ಅದು, ಒಂದೇ ಸಮನೆ 10 ಡಿಗ್ರಿ ತಂಪಿನಲ್ಲಿ ಸುಮಾರು 1.6 ಕೋಟಿ ವರ್ಷ ಇದ್ದದ್ದಕ್ಕೆ ಸಮ ಎಂಬುದು ಅವರ ಲೆಕ್ಕ. ಓದಿದ್ದಕ್ಕಿಂತ ಅವರು ನಂಬಿಸಿದ ಬಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಒಮ್ಮೆಲೇ ಅಷ್ಟು ಹಳೆಯದಕ್ಕೆ ಹಾರದೆ, ಕಾಲದಲ್ಲಿ ಹಿಂದೆ ಹಿಂದೆ ಸರಿಯುತ್ತ, ಸವೆತ ಒಂದೇ ಕ್ರಮದಲ್ಲಿ ನಡೆದಿದೆಯೇ ಎಂದು ನೋಡಿದರು. ಕೊನೆಗೂ ಉಳಿದದ್ದು ಕ್ಯಾಲ್ಸೈಟಿನ ಮೈಗೆ ಎಲ್ಲಕ್ಕಿಂತ ಬಿಗಿಯಾಗಿ ಅಂಟಿಕೊಳ್ಳುವ ಭಾಗವೇ ಎಂದು ಕಂಪ್ಯೂಟರ್ ಲೆಕ್ಕಾಚಾರವೂ ಹೇಳಿತು. ಹೀಗೆ ಏನು ಉಳಿಯಿತು ಎಂಬುದರ ಜೊತೆಗೆ ಅದೇ ಏಕೆ ಉಳಿಯಿತು ಎಂಬುದೂ ತಿಳಿಯಿತು. 2007ರಲ್ಲಿ 6.8 ಕೋಟಿ ವರ್ಷ ಹಳೆಯ ಡೈನೊಸಾರ್ ಮೂಳೆಯಲ್ಲಿ ಕೊಲಾಜನ್ ಎಂಬ ಪ್ರೋಟೀನು ಸಿಕ್ಕಿತೆಂದು ಪ್ರಕಟವಾದಾಗ, ಅದು ನಿಜಕ್ಕೂ ಡೈನೊಸಾರಿನದೋ ಹೊರಗಿನಿಂದ ಸೇರಿದ್ದೋ ಎಂದು ಎದ್ದ ವಾದವನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಎಚ್ಚರವನ್ನು ಕಲಿಯಲು ಚಿಪ್ಪಿಗಿಂತ ಒಳ್ಳೆಯ ಗುರುವಿಲ್ಲವೆಂದು ನನಗನ್ನಿಸುವುದು ಇದಕ್ಕೇ: ಚಿಪ್ಪು ಬೇಕಾದಷ್ಟು ಸಿಗುತ್ತದೆ, ಮತ್ತೆ ಮತ್ತೆ ಪರೀಕ್ಷಿಸಬಹುದು, ತಪ್ಪಿದರೆ ಇನ್ನೊಂದನ್ನು ಎತ್ತಿಕೊಳ್ಳಬಹುದು.

ಹಲ್ಲಿನಲ್ಲಿ ಆ ಅನುಕೂಲವಿಲ್ಲ. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್ಲಿನ ತೂಕದಲ್ಲಿ ಸುಮಾರು ನೂರಕ್ಕೆ 96 ಪಾಲು ಖನಿಜವೇ. ಹಲ್ಲು ಬೆಳೆಯುವಾಗಲೇ ದೇಹ ಅದರ ಪ್ರೋಟೀನನ್ನು ಕತ್ತರಿಸಿ ತೆಗೆದುಬಿಡುವುದರಿಂದ ಉಳಿಯುವುದು ಚೂರುಪಾರು ಮಾತ್ರ. ಆ ಚೂರಿನಿಂದಲೇ ಚೀನಾದ ಗುವಾಂಗ್‌ಷಿಯ ಗುಹೆಯೊಂದರಲ್ಲಿ ಸಿಕ್ಕ, 19 ಲಕ್ಷ ವರ್ಷ ಹಳೆಯ ಒಂದು ದವಡೆಹಲ್ಲು, ದೈತ್ಯವಾನರ ಜೈಗಾಂಟೊಪಿಥೆಕಸ್ ಒರಾಂಗುಟಾನಿನ ದೂರದ ನೆಂಟನೆಂದು 2019ರಲ್ಲಿ ತೋರಿಸಿತು. ಅಮೆಲೊಜೆನಿನ್ ಎಂಬ ಎನಾಮೆಲ್ ಪ್ರೋಟೀನು ಎಕ್ಸ್ ಮತ್ತು ವೈ ವರ್ಣತಂತುಗಳಲ್ಲಿ ಬೇರೆಬೇರೆಯಾಗಿರುವುದರಿಂದ ಹಲ್ಲು ಗಂಡಿನದೋ ಹೆಣ್ಣಿನದೋ ಎಂದೂ ಹೇಳಲು ಬರುತ್ತದೆಯಂತೆ. ಇದನ್ನು ಓದಿದಾಗ ನಿನ್ನ ಮೊದಲ ಹಾಲುಹಲ್ಲು ನೆನಪಾಯಿತು. ಸಗಣಿಯ ಉಂಡೆಯೊಳಗಿಟ್ಟು ಹಂಚಿನ ಮೇಲೆ ಎಸೆದದ್ದು ಅಂಗಳಕ್ಕೇ ಉರುಳಿ ಬಂದಿತ್ತು. ನೀನು ಮತ್ತೆ ಎಸೆದಿದ್ದೆ. ಪ್ರಾಚೀನರ ಒಂದು ಹಲ್ಲನ್ನು ಹಾಗೆ ಎರಡು ಸಲ ಎಸೆಯಲಾಗದು. ಆಮ್ಲದಲ್ಲಿ ಕರಗಿಸಿದ ಎನಾಮೆಲ್ ಎಷ್ಟು ಚಿಕ್ಕದಾದರೂ ಮರಳಿ ಬಾರದು. ಅಂಥದ್ದನ್ನು ಮುಟ್ಟುವ ಕೈ ಮೊದಲು ಸಾವಿರ ಮುಚ್ಚಳಗಳ ಮೇಲೆ ಪಳಗಬೇಕು. ನಿನ್ನ ಮಾರ್ಗದರ್ಶಕರ ಮನಸ್ಸಿನಲ್ಲೂ ಇದೇ ಇದ್ದೀತು. ಒಮ್ಮೆ ನೇರವಾಗಿ ಅವರನ್ನೇ ಕೇಳು.

ಕೊನೆಗೆ ಒಂದು ಮಾತು. ಪ್ರೋಟೀನಿನ ತುಣುಕುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪದೇ ಪದೇ ಕಾಣಿಸುವ ಬೇಡದ ಪ್ರೋಟೀನುಗಳಲ್ಲಿ ನಮ್ಮ ಚರ್ಮದ ಕೆರಾಟಿನ್ ಮೊದಲನೆಯದು, ಕುರಿಯ ಉಣ್ಣೆಯದೂ ಇರುತ್ತದೆ ಎಂದು ಓದಿದೆ. ದೊಡ್ಡಮ್ಮ ಹೆಣೆದುಕೊಟ್ಟ ಉಣ್ಣೆಯ ಸ್ವೆಟರನ್ನು ಪ್ರಯೋಗಾಲಯದ ಹೊರಗೇ ಬಿಚ್ಚಿಡು. ಒಳಗೆ ಹಾಕಿಕೊಳ್ಳಲು ಎರಡು ದಪ್ಪ ಹತ್ತಿಯ ಅಂಗಿಗಳನ್ನು ಹೊಲಿಸಿ ಪಾರ್ಸೆಲ್ ಮಾಡಿದ್ದೇನೆ. ಮುಟ್ಟಿದ ಕೂಡಲೇ ತಿಳಿಸು.

ನಿನ್ನ
ಆಯಿ