ಕಣ್ಣು ಮುಚ್ಚಿಕೊಂಡು ಹಾಕಿದ ಮತವಲ್ಲ ಅದು

ಮಾನ್ಯ ಸಂಪಾದಕರೇ,

ಅಮೆರಿಕದ ಚುನಾವಣೆ ಬಂದಾಗಲೆಲ್ಲ ನಮ್ಮ ಟಿವಿ ಚರ್ಚೆಗಳಲ್ಲೂ ಪತ್ರಿಕೆಗಳಲ್ಲೂ ಒಂದು ಮಾತು ತಪ್ಪದೆ ಬರುತ್ತದೆ. ಅಲ್ಲಿನ ಕಪ್ಪು ವರ್ಣೀಯರು ಡೆಮಾಕ್ರಟಿಕ್ ಪಕ್ಷದ ವೋಟ್ ಬ್ಯಾಂಕ್, ಕಣ್ಣು ಮುಚ್ಚಿಕೊಂಡು ಮತ ಹಾಕುತ್ತಾರೆ ಅಂತ. ಹತ್ತರಲ್ಲಿ ಎಂಟು ಒಂಬತ್ತು ಜನ ಒಂದೇ ಪಕ್ಷಕ್ಕೆ ಹಾಕುತ್ತಾರೆ ಎನ್ನುವುದು ನಿಜ. ಕಣ್ಣು ಮುಚ್ಚಿಕೊಂಡು ಎನ್ನುವುದು ಮಾತ್ರ ಶುದ್ಧ ಸುಳ್ಳು. ಅದನ್ನು ಹೇಳಲೆಂದೇ ಈ ಪತ್ರ.

ಒಂದು ಕಾಲದಲ್ಲಿ ಇದೇ ಜನ ರಿಪಬ್ಲಿಕನ್ ಪಕ್ಷದ ಕಡೆಗಿದ್ದರು. ಅದು ಲಿಂಕನ್ ಪಕ್ಷ. ಗುಲಾಮಗಿರಿ ತೊಲಗಿಸಿದ ಪಕ್ಷ. ದಕ್ಷಿಣದ ರಾಜ್ಯಗಳಲ್ಲಿ ಅವರ ಮತದ ಹಕ್ಕು ಕಿತ್ತುಕೊಂಡವರು ಡೆಮಾಕ್ರಟರೇ. 1932ರಲ್ಲಿ ದೇಶವೆಲ್ಲ ಕೆಲಸವಿಲ್ಲದೆ ಕಂಗಾಲಾಗಿದ್ದಾಗಲೂ ಅವರಲ್ಲಿ ಹೆಚ್ಚಿನವರು ರಿಪಬ್ಲಿಕನ್ ಹೂವರ್ ಕೈ ಬಿಡಲಿಲ್ಲ. ಆಮೇಲೆ ಡೆಮಾಕ್ರಟಿಕ್ ಪಕ್ಷದ ರೂಸ್ವೆಲ್ಟ್ ಸರ್ಕಾರ ಜನರಿಗೆ ಕೆಲಸ ಕೊಡತೊಡಗಿತು. 1936ರ ಹೊತ್ತಿಗೆ ಸುಮಾರು 70% ಕಪ್ಪು ಮತದಾರರು ಆ ಕಡೆ ಹೋದರು. ಹಾಗಂತ ಅಲ್ಲೇ ಅಂಟಿಕೊಂಡು ಕೂರಲೂ ಇಲ್ಲ. 1956ರಲ್ಲಿ ರಿಪಬ್ಲಿಕನ್ ಐಸೆನ್‌ಹೋವರ್‌ಗೆ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ಮತ ಹಾಕಿದ್ದರು.

1960ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಟ್ಲಾಂಟಾದ ದೊಡ್ಡ ಅಂಗಡಿಯೊಂದರಲ್ಲಿ ಧರಣಿ ಕೂತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಪೊಲೀಸರು ಹಿಡಿದರು. ಹಿಂದಿನ ಒಂದು ಟ್ರಾಫಿಕ್ ಕೇಸನ್ನು ಕೆದಕಿ ನಾಲ್ಕು ತಿಂಗಳ ಕಠಿಣ ಶಿಕ್ಷೆ ಕೊಟ್ಟರು. ಅವರ ಹೆಂಡತಿ ಕೊರೆಟ್ಟಾ ಆಗ ಗರ್ಭಿಣಿ. ಗಂಡ ಜೈಲಿನಿಂದ ಜೀವಂತ ಬರುತ್ತಾರೋ ಇಲ್ಲವೋ ಎಂಬ ಭಯ. ಆಗ ಡೆಮಾಕ್ರಟಿಕ್ ಅಭ್ಯರ್ಥಿಯಾಗಿದ್ದ ಕೆನಡಿ ಆಕೆಗೆ ಫೋನ್ ಮಾಡಿ ಧೈರ್ಯ ಹೇಳಿದರು. ಎದುರಾಳಿ ರಿಪಬ್ಲಿಕನ್ ನಿಕ್ಸನ್ ಬಾಯಿ ಬಿಡಲಿಲ್ಲ. ಕಿಂಗ್ ಅವರ ತಂದೆ ಆವರೆಗೆ ನಿಕ್ಸನ್ ಬೆಂಬಲಿಗರು. ಅವರು ಎಲ್ಲರೆದುರು ಕೆನಡಿ ಕಡೆ ಬಂದರು. ಕೆನಡಿ ಕಡೆಯವರು ಈ ಕಥೆಯನ್ನು ನೀಲಿ ಕಾಗದದ ಮೇಲೆ ಅಚ್ಚು ಹಾಕಿಸಿ, ಚುನಾವಣೆಗೆ ಮೊದಲಿನ ಭಾನುವಾರ ಕಪ್ಪು ವರ್ಣೀಯರ ಚರ್ಚುಗಳಲ್ಲಿ ಹಂಚಿದರು. ಇಷ್ಟೆಲ್ಲ ಆದರೂ ಮೂವರಲ್ಲಿ ಒಬ್ಬರು ನಿಕ್ಸನ್‌ಗೇ ಹಾಕಿದರು. ಇದು ಕುರಿಮಂದೆಯ ನಡವಳಿಕೆನಾ?

ಡೆಮಾಕ್ರಟಿಕ್ ಪಕ್ಷದ ಮೇಲೆ ಅವರಿಗೆ ಸುಮ್ನೆ ಪ್ರೀತಿ ಉಕ್ಕಿತು ಅಂತಲೂ ಅಲ್ಲ. ಫ್ಯಾನಿ ಲೂ ಹೇಮರ್ ಮಿಸಿಸಿಪ್ಪಿಯ ಹತ್ತಿ ತೋಟವೊಂದರಲ್ಲಿ ಹದಿನೆಂಟು ವರ್ಷ ದುಡಿದ ಹೆಂಗಸು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಅಲ್ಲಿನ ಗುಮಾಸ್ತ ಸಂವಿಧಾನದ ಒಂದು ಭಾಗ ಕೊಟ್ಟು ಅರ್ಥ ಬರೆಯಲು ಹೇಳಿದ. ವಕೀಲರೂ ತಡವರಿಸುವಂಥ ವಿಷಯ. ಹೆಸರು ಸೇರಲಿಲ್ಲ. ಅದೇ ದಿನ ತೋಟದ ಮಾಲೀಕ ಮನೆಯಿಂದ ಹೊರಗೆ ಹಾಕಿದ. 1964ರಲ್ಲಿ ಇದೇ ಹೇಮರ್ ಡೆಮಾಕ್ರಟಿಕ್ ಪಕ್ಷದ ಮಹಾಸಮ್ಮೇಳನಕ್ಕೇ ಹೋಗಿ, ಮಿಸಿಸಿಪ್ಪಿಯಿಂದ ಬಂದಿರುವ ಬಿಳಿಯರ ತಂಡ ನಮ್ಮನ್ನು ಪ್ರತಿನಿಧಿಸುವುದಿಲ್ಲ ಎಂದು ಟಿವಿ ಕ್ಯಾಮೆರಾಗಳೆದುರು ಹೇಳಿದರು. ಪಕ್ಷ ಎರಡು ಸೀಟು ಕೊಡುತ್ತೇವೆ ಎಂದಿತು. ಅವರು ಒಪ್ಪಲಿಲ್ಲ. ಆ ನವೆಂಬರ್‌ನಲ್ಲಿ ಕಪ್ಪು ಮತದಾರರಲ್ಲಿ ಸುಮಾರು 94% ಜನ ಅದೇ ಪಕ್ಷದ ಅಧ್ಯಕ್ಷ ಜಾನ್ಸನ್‌ಗೆ ಮತ ಹಾಕಿದರು. ಯಾಕೆ? ಎದುರಿಗಿದ್ದ ರಿಪಬ್ಲಿಕನ್ ಗೋಲ್ಡ್‌ವಾಟರ್ ಬಣ್ಣದ ಭೇದಭಾವ ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸೆನೆಟ್‌ನಲ್ಲಿ ಕೈ ಎತ್ತಿದ್ದರು. ಜಾನ್ಸನ್ ಅದೇ ಮಸೂದೆಗೆ ಸಹಿ ಹಾಕಿದ್ದರು. ಯಾರಿಗೆ ಹಾಕಬೇಕು ಎಂದು ತಿಳಿಯಲು ಇನ್ನೇನು ಬೇಕಿತ್ತು?

ಮರುವರ್ಷ ಮತದಾನದ ಹಕ್ಕಿನ ಕಾಯ್ದೆ ಬಂತು. ಅದೇ 1965ರಲ್ಲಿ ವಲಸೆ ಕಾಯ್ದೆಯೂ ಬದಲಾಯಿತು. ಇವತ್ತು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಕನ್ನಡದ ಕುಟುಂಬಗಳಿಗೆ ಬಾಗಿಲು ತೆರೆದದ್ದು ಅದು. ಕಪ್ಪು ವರ್ಣೀಯರ ಹಕ್ಕುಗಳ ಚಳವಳಿಯ ಗಾಳಿ ಬೀಸದಿದ್ದರೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ. ಅಲ್ಲಿಂದ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಕಪ್ಪು ಜನರ ಬಗ್ಗೆ ಹಗುರವಾದ ಮಾತು ಕಂಡಾಗ ನನಗೆ ಜಾಸ್ತಿ ನೋವಾಗುವುದು ಇದಕ್ಕೇ.

ಎರಡೂ ಪಕ್ಷದವರು ಇವರನ್ನು ಕಂಡದ್ದಾದರೂ ಹೇಗೆ? 2020ರ ಮೇ ತಿಂಗಳಲ್ಲಿ ಬೈಡನ್ ಒಂದು ರೇಡಿಯೊ ಸಂದರ್ಶನದಲ್ಲಿ, ನನಗೋ ಟ್ರಂಪ್‌ಗೋ ಅಂತ ಇನ್ನೂ ಯೋಚಿಸುವವರು ಕಪ್ಪು ವರ್ಣೀಯರೇ ಅಲ್ಲ ಎಂಬರ್ಥದ ಮಾತಾಡಿದರು. ಅದೇ ದಿನ ತಪ್ಪಾಯಿತು ಎಂದರು, ಸರಿ. ಆದರೆ ಒಳಗಿದ್ದದ್ದು ಹೊರಗೆ ಬಂದಿತ್ತಲ್ವಾ? ಟ್ರಂಪ್ 2024ರಲ್ಲಿ, ತಮ್ಮ ಮೇಲೆ ಕೇಸು ಬಿದ್ದದ್ದರಿಂದ, ಪೊಲೀಸರು ತೆಗೆದ ಫೋಟೊದಿಂದ ಕಪ್ಪು ಜನ ತಮ್ಮನ್ನು ಇಷ್ಟಪಡುತ್ತಿದ್ದಾರೆ ಎಂದರು. ಅಂದರೆ ಕಪ್ಪು ವರ್ಣೀಯ ಎಂದರೆ ಅಪರಾಧ ಎಂಬ ಹಳೆಯ ಕೊಳಕು ಕಲ್ಪನೆಯನ್ನೇ ಹೊಗಳಿಕೆಯ ಧಾಟಿಯಲ್ಲಿ ಹೇಳಿದರು. ವಲಸಿಗರು ‘ಕಪ್ಪು ಜನರ ಕೆಲಸ’ ಕಿತ್ತುಕೊಳ್ಳುತ್ತಿದ್ದಾರೆ ಎಂದೂ ಅವರು ಹೇಳಿದ್ದುಂಟು. ಅದ್ಯಾವ ಕೆಲಸ? ಡಾಕ್ಟರು, ಜಡ್ಜು, ಪ್ರೊಫೆಸರು ಎಲ್ಲರೂ ಅವರಲ್ಲಿದ್ದಾರೆ.

ರಿಪಬ್ಲಿಕನ್ ಆದ ಕಪ್ಪು ವರ್ಣೀಯರನ್ನು ಜನಾಂಗದ್ರೋಹಿ ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಸೆನೆಟರ್ ಟಿಮ್ ಸ್ಕಾಟ್ ಅವರ ರಾಜಕೀಯವನ್ನು ಧಾರಾಳವಾಗಿ ಟೀಕಿಸಿ. ಅವರ ಬಣ್ಣದ ಲೆಕ್ಕ ಕೇಳಬೇಡಿ.

ಇನ್ನೊಂದು ಮಾತು. ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ಲಿಗೆ ಕಟ್ಟುನಿಟ್ಟಾಗಿ ಅಂಟಿಕೊಂಡ) ಕ್ರೈಸ್ತರಲ್ಲಿ ಹತ್ತಕ್ಕೆ ಸುಮಾರು ಎಂಟು ಜನ ಚುನಾವಣೆಯಿಂದ ಚುನಾವಣೆಗೆ ರಿಪಬ್ಲಿಕನ್ನರಿಗೇ ಮತ ಹಾಕುತ್ತಾರೆ. ಅದನ್ನು ನಂಬಿಕೆ, ಮೌಲ್ಯ ಎನ್ನುತ್ತೇವೆ. ಕಪ್ಪು ಜನ ಹಾಗೆ ಮಾಡಿದರೆ ಗುಲಾಮಿ ಮನಸ್ಥಿತಿ. ಇದ್ಯಾವ ನ್ಯಾಯ?

ಕಪ್ಪು ವರ್ಣೀಯರಲ್ಲಿ ಸಂಪ್ರದಾಯಸ್ಥರು, ಚರ್ಚಿಗೆ ತಪ್ಪದೆ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಗರ್ಭಪಾತ, ತೆರಿಗೆಯಂಥ ವಿಷಯಗಳಲ್ಲಿ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಆದರೂ ಮತ ಒಟ್ಟಿಗೆ ಬೀಳುತ್ತದೆ. ಕಟಿಂಗ್ ಶಾಪಿನಲ್ಲಿ, ಚರ್ಚಿನಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಮಾತಾಡಿಕೊಂಡು, ಬಿಡಿಬಿಡಿಯಾದರೆ ನಮ್ಮನ್ನು ಕೇಳುವವರಿಲ್ಲ ಎಂದು ಅನುಭವದಿಂದ ಕಂಡುಕೊಂಡ ದಾರಿ ಇದು. ಇದರಿಂದ ಫಲ ಸಿಕ್ಕಿದ್ದೂ ಉಂಟು. 2020ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೆ ನಡೆದ ಮತದಾನದಲ್ಲಿ ಮೊದಲ ಮೂರು ರಾಜ್ಯಗಳಲ್ಲೂ ಗೆಲ್ಲಲಾಗದೆ ಬೈಡನ್ ಮುಗ್ಗರಿಸಿದ್ದರು. ಸೌತ್ ಕೆರೊಲಿನಾದ ಕಪ್ಪು ಮತದಾರರು ಮೇಲೆತ್ತಿದರು. ಅಲ್ಲಿನ ಸಂಸದ ಜಿಮ್ ಕ್ಲೈಬರ್ನ್ ಒಂದು ಮಾತು ಕೊಡಿಸಿಕೊಂಡಿದ್ದರು: ಸುಪ್ರೀಂ ಕೋರ್ಟಿಗೆ ಕಪ್ಪು ಮಹಿಳೆಯೊಬ್ಬರನ್ನು ನೇಮಿಸಬೇಕು. 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಆ ಪೀಠದಲ್ಲಿ ಕೂತರು.

ಹಾಗೆಂದು ಪಕ್ಷ ಅವರನ್ನು ಲಘುವಾಗಿ ಕಂಡಿಲ್ಲ ಎನ್ನುತ್ತಿಲ್ಲ. ಚುನಾವಣೆಗೆ ಎರಡು ವಾರ ಇರುವಾಗ ಚರ್ಚಿಗೆ ಬಂದು ಕೈ ಮುಗಿದು ಹೋಗುವ ನಾಯಕರನ್ನು ಕಂಡು ಅವರ ಯುವಕರಿಗೆ ರೋಸಿಹೋಗಿದೆ. 2024ರಲ್ಲಿ ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಕಪ್ಪು ಗಂಡಸರಲ್ಲಿ ಐವರಲ್ಲಿ ಒಬ್ಬರು ಟ್ರಂಪ್ ಕಡೆ ಹೋದರು. ಹೆಂಗಸರು ಹತ್ತರಲ್ಲಿ ಒಂಬತ್ತು ಜನ ಕಮಲಾ ಹ್ಯಾರಿಸ್ ಜೊತೆ ನಿಂತರು. ಒಂದೇ ಮನೆಯೊಳಗೆ ಇಂಥ ವಾದ ನಡೆಯುತ್ತಿರುವಾಗ ನಾವು ಮಾತ್ರ ಇಲ್ಲಿ ಕೂತು ‘ಬ್ಯಾಂಕ್’ ಅನ್ನುತ್ತಿದ್ದೇವೆ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಅಮೆರಿಕ ಚುನಾವಣೆಯ ಫಲಿತಾಂಶ ಪ್ರಕಟಿಸುವಾಗ ‘ಕಪ್ಪು ಮತ’ ಎಂದು ಒಂದೇ ಅಂಕಿ ಕೊಟ್ಟು ಮುಗಿಸಬೇಡಿ. ವಯಸ್ಸು, ರಾಜ್ಯ, ಹೆಣ್ಣು ಗಂಡು ಎಂದು ಬಿಡಿಸಿ ಕೊಡಿ. ಜೊತೆಗೆ ಅವರೇ ಏನು ಹೇಳುತ್ತಾರೆ ಎಂಬುದಕ್ಕೂ ಎರಡು ಕಾಲಂ ಜಾಗ ಇಡಿ.

ಇಂತಿ,
ನಿಮ್ಮ ಓದುಗ
ತುಮಕೂರು